ಎಡಗಡೆಯ ಕಿಟಕಿ

"ನನ್ನ ನಿಯಮ ತಪ್ಪು" ಎಂದು ಲಂಬು ವೇದಿಕೆಯ ಮೇಲೆ ನಿಂತು ಹೇಳಿದಾಗ, ಹಿಂದಿನ ಸಾಲಿನಲ್ಲಿ ಕೂತಿದ್ದ ಮೇಷ್ಟ್ರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅದು ಮುಖದಲ್ಲಿ ಕಾಣದಿರಲೆಂದು ಕನ್ನಡಕ ತೆಗೆದು ಒರೆಸತೊಡಗಿದರು. ಅಷ್ಟು ವರ್ಷ ಸಂಸಾರ ಮಾಡಿದ ಹೆಂಡತಿಗೆ ಗೊತ್ತಾಗದೆ ಇರುತ್ತದೆಯೇ? ಪಕ್ಕದಿಂದ ಮೊಣಕೈಯಲ್ಲಿ ತಿವಿದರು.

ಕಾಯಿಸಿದ ಗಾಜಿನ ಪಟ್ಟಿಯನ್ನು ಮೆಲ್ಲಗೆ ನೀರಿಗಿಳಿಸಿದರೆ ಬಿರುಕು ನೆಟ್ಟಗೆ ಏರದೆ ಎಡಕ್ಕೇ ಬಾಗುತ್ತದೆ ಎಂಬುದು ಆ ನಿಯಮ. ಪುಸ್ತಕಗಳಲ್ಲೆಲ್ಲ ಅದಕ್ಕೆ ಲಂಬುವಿನ ಹೆಸರು. ಆದರೆ ಆ ಬಾಗನ್ನು ಮೊದಲು ಕಂಡವರು ಮೇಷ್ಟ್ರು. ಇಬ್ಬರದೂ ಒಂದೇ ಪ್ರಯೋಗಶಾಲೆ, ಒಂದೇ ಮೇಜು. "ಬಾರೋ ಇಲ್ಲಿ, ಇದು ಎಡಕ್ಕೇ ಹೋಗ್ತಿದೆ ನೋಡು" ಎಂದು ಕರೆದು ತೋರಿಸಿ, ಕೈ ತೊಳೆದುಕೊಂಡು ಊಟಕ್ಕೆ ಹೋದರು. ಲಂಬು ಊಟ ಬಿಟ್ಟು ಲೆಕ್ಕ ಹಾಕಿದ. ಪ್ರಬಂಧ ಅಚ್ಚಾದಾಗ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು: ಸಹೋದ್ಯೋಗಿಯೊಬ್ಬರಿಗೆ ಕೃತಜ್ಞತೆ.

ಆ 'ಒಬ್ಬರು' ಮೇಷ್ಟ್ರ ಹೊಟ್ಟೆಯಲ್ಲಿ ಕೂತು ಅರ್ಧ ಆಯಸ್ಸು ಉರಿಯಿತು. ಕ್ಷೌರದ ಕುರ್ಚಿಯಲ್ಲಿ ಕೂತರೂ ಅದೇ ಮಾತು, ದಂತವೈದ್ಯ ಬಾಯಿಂದ ಕೈ ತೆಗೆದರೂ ಅದೇ ಮಾತು. ಮಗಳ ಮದುವೆಯಲ್ಲಿ ಬೀಗರನ್ನು ಮೂಲೆಗೆ ಒತ್ತಿ ನಿಲ್ಲಿಸಿಕೊಂಡು, "ಮೊದಲು ನೋಡಿದ್ದು ನಾನು ಸ್ವಾಮಿ" ಎಂದು ಶುರು ಮಾಡಿದ್ದರು. ಬೀಗರು ಆಮೇಲಿಂದ ಫೋನಿನಲ್ಲೇ ಮಾತು ಮುಗಿಸುತ್ತಾರೆ.

"ಬಿರುಕು ಎಡಕ್ಕೂ ಬಾಗುತ್ತೆ, ಬಲಕ್ಕೂ ಬಾಗುತ್ತೆ" ಎನ್ನುತ್ತಿದ್ದ ಲಂಬು ವೇದಿಕೆಯ ಮೇಲೆ. "ಬೇರೆ ಕಡೆಯವರಿಗೂ ಬಲಕ್ಕೆ ಬಂದಿತ್ತಂತೆ. ತಮ್ಮ ಕೈಯೇ ಸರಿ ಇಲ್ಲ ಅಂದ್ಕೊಂಡು ಸುಮ್ಮನಾಗಿಬಿಟ್ಟರು. ಈ ಹುಡುಗಿ ಸುಮ್ಮನಾಗಲಿಲ್ಲ." ಮುಂದಿನ ಸಾಲಿನ ಸಂಶೋಧಕಿ ತಲೆ ತಗ್ಗಿಸಿದಳು.

"ಹಾಗಾದ್ರೆ ನಿಮಗೆ ಯಾವಾಗ್ಲೂ ಎಡಕ್ಕೇ ಯಾಕೆ ಬಂತು ಸಾರ್?" ಎಂದು ಒಬ್ಬ ಪತ್ರಕರ್ತ ಕೇಳಿದ.

"ನಮ್ಮ ಮೇಜಿನ ಎಡಕ್ಕೆ ಒಂದು ಕಿಟಕಿ. ಸದಾ ತೆಗೆದಿರ್ತಿತ್ತು. ತಣ್ಣನೆ ಗಾಳಿ ಗಾಜಿನ ಆ ಮಗ್ಗುಲಿಗೆ ಬಡೀತಿತ್ತು, ಬಿರುಕು ಆ ಕಡೆ ತಿರುಗ್ತಿತ್ತು. ಇಷ್ಟೇ ವಿಷಯ. ನಾನು ಗಮನಿಸಬೇಕಿತ್ತು. ತಪ್ಪು ನಂದೇ, ಬೇರೆ ಯಾರದ್ದೂ ಅಲ್ಲ."

ಒರೆಸುತ್ತಿದ್ದ ಕನ್ನಡಕ ಮೇಷ್ಟ್ರ ಕೈಯಲ್ಲೇ ನಿಂತಿತು. ಆ ದಿನಗಳಲ್ಲಿ ಗಾಜು ಕಾಯಿಸುವ ಒಲೆಯ ಗ್ಯಾಸಿನ ವಾಸನೆಗೆ ಅವರಿಗೆ ತಲೆ ಸಿಡಿಯುತ್ತಿತ್ತು. ಬೆಳಿಗ್ಗೆ ಬಂದವರೇ ಕೋಟು ಕಳಚುವ ಮೊದಲು ಆ ಕಿಟಕಿ ತೆಗೆಯುತ್ತಿದ್ದರು. "ಮುಚ್ಚೋ ಮಾರಾಯ, ಚಳಿ" ಎಂದು ಲಂಬು ಗೋಗರೆದರೂ ಬಿಡುತ್ತಿರಲಿಲ್ಲ. ಅವನು ಮಫ್ಲರ್ ಸುತ್ತಿಕೊಂಡು ಲೆಕ್ಕ ಮಾಡುತ್ತಿದ್ದ. ಸದ್ಯ, ಹೆಸರು ಹೇಳಲಿಲ್ಲ ಎಂದು ಮೇಷ್ಟ್ರಿಗೆ ಒಂದು ಗಳಿಗೆ ನಿಜವಾಗಿಯೂ ಜೀವ ಬಂದಂತಾಯಿತು.

ಅಷ್ಟರಲ್ಲಿ ಚಪ್ಪಾಳೆ ಶುರುವಾಯಿತು. ಒಬ್ಬರು ಎದ್ದರು, ನಾಲ್ಕು ಜನ ಎದ್ದರು, ನೋಡನೋಡುತ್ತ ಇಡೀ ಸಭಾಂಗಣ ಎದ್ದು ನಿಂತಿತು. ಸಂಶೋಧಕಿ ಕಣ್ಣೊರೆಸಿಕೊಂಡಳು. ಕ್ಯಾಮೆರಾದವರು ಒಬ್ಬರನ್ನೊಬ್ಬರು ತಳ್ಳಿಕೊಂಡು ವೇದಿಕೆಗೆ ನುಗ್ಗಿದರು. ಮೇಷ್ಟ್ರ ಎದುರಿನ ಸಾಲಿನಲ್ಲೇ ಯಾರೋ, "ಎಂಥ ದೊಡ್ಡ ಮನುಷ್ಯ. ಆ ನಿಯಮ ಮರೆತುಹೋದ್ರೂ ಇವತ್ತಿನ ದಿನ ಮರೆಯೋಕಾಗಲ್ಲ" ಎಂದರು.

"ಬಚಾವಾದ್ರಿ" ಎಂದು ಹೆಂಡತಿ ಕಿವಿಯಲ್ಲಿ ಹೇಳಿದರು. "ಅವತ್ತು ಅವರು ನಿಮ್ಮ ಹೆಸರೂ ಹಾಕಿದ್ದಿದ್ರೆ, ಇವತ್ತು ನೀವೂ ಅಲ್ಲಿ ಹೋಗಿ ನಿಂತ್ಕೋಬೇಕಿತ್ತು."

ಮೇಷ್ಟ್ರು ವೇದಿಕೆಯತ್ತ ನೋಡಿದರು. ಅಲ್ಲಿ ನಿಂತವನ ಕೈ ಕುಲುಕಲು ಜನ ಸಾಲುಗಟ್ಟುತ್ತಿದ್ದರು. ನಿಯಮ ಬರೆದಾಗಲೂ ಅವನೇ, ಅದು ಬಿದ್ದುಹೋದಾಗಲೂ ಅವನೇ. ಕಿಟಕಿ ಪಾಪ ತಾನೇ ತೆರೆದುಕೊಂಡಿತ್ತು ಅನ್ನೋ ಹಾಗೆ ಹೇಳಿಬಿಟ್ಟ.

"ಅದೇ ಮತ್ತೆ ನಾನು ಹೇಳ್ತಿರೋದು" ಎಂದು ಮೇಷ್ಟ್ರು ಎದ್ದರು.

"ಎಲ್ಲಿಗೆ? ಕೂತ್ಕೊಳ್ರೀ. ನಿಮ್ಮ ದಮ್ಮಯ್ಯ, ಇರೋ ಮರ್ಯಾದೆ ಉಳಿಸಿಕೊಳ್ಳಿ" ಎಂದು ಹೆಂಡತಿ ಕೋಟಿನ ಅಂಚು ಹಿಡಿದೆಳೆದರು.

ಮೇಷ್ಟ್ರು ಕೋಟು ಬಿಡಿಸಿಕೊಂಡರು. ಮಂಡಿನೋವು ಮರೆತು ಜನರ ನಡುವೆ ದಾರಿ ಮಾಡಿಕೊಂಡು, ಪ್ರಶ್ನೆ ಕೇಳುವವರಿಗೆಂದು ನಡುವೆ ಇಟ್ಟಿದ್ದ ಮೈಕಿನ ಬಳಿ ನಿಂತರು. ಚಪ್ಪಾಳೆ ಪೂರ್ತಿ ನಿಲ್ಲುವವರೆಗೂ ಕಾದರು. ಲಂಬು ಅವರನ್ನು ಕಂಡು, ಬೇಡ ಎಂಬಂತೆ ತಲೆಯಾಡಿಸಿದ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಮೊದಲು ತಮ್ಮ ಪೂರ್ತಿ ಹೆಸರು ಹೇಳಿದರು, ತಂದೆಯ ಹೆಸರಿನ ಸಮೇತ. ಪತ್ರಕರ್ತರು ಪೆನ್ನು ತೆಗೆಯುವುದನ್ನು ಕಣ್ಣಾರೆ ನೋಡಿದ ಮೇಲೆ ಮುಂದುವರಿದರು.

"ಬರ್ಕೊಳ್ಳಿ. ಆ ಕಿಟಕಿ ತೆಗೀತಿದ್ದೋನು ನಾನು."