ದುರಗವ್ವ ಎಂಬ ವೈರಸ್

ಔಷಧಗಳು ರೋಗಾಣುಗಳಿಗೆ ನಾಟದಂತಾಗಿ ಹನ್ನೊಂದು ವರ್ಷಗಳಾಗಿದ್ದವು. ಈಗ ಒಂದೊಂದು ರೋಗಾಣುವಿಗೂ ಅದನ್ನೇ ತಿನ್ನುವ ವೈರಸ್ಸನ್ನು ಚರಂಡಿ ನೀರಿನಲ್ಲಿ ಹುಡುಕಬೇಕು. ಹುಬ್ಬಳ್ಳಿಯ ಆಸ್ಪತ್ರೆಯೊಂದಕ್ಕೆ ಆ ನೀರು ತರುವವಳು ಫಕೀರವ್ವ.

ಬಸ್ ಡ್ರೈವರ್ ಮಕ್ತುಂಸಾಬರ ಎದೆಯ ಪೇಸ್‌ಮೇಕರ್‌ಗೆ ಸೋಂಕು ತಗುಲಿ ಕೀವಾಗಿತ್ತು. ಡಾಕ್ಟರ್ ಶೈಲಜಾ ಅದನ್ನು ತಂತಿ ಸಮೇತ ತೆಗೆದಿದ್ದರು. ಈಗ ಹೃದಯ ಬಡಿಯುತ್ತಿದ್ದುದು ಹಾಸಿಗೆ ಪಕ್ಕದ ಯಂತ್ರದ ಬಲದಿಂದ. ಸೋಂಕು ಹೋಗದೆ ಹೊಸದನ್ನು ಕೂರಿಸುವಂತಿರಲಿಲ್ಲ.

“ನಮ್ಮ ಫ್ರಿಜ್‌ನ್ಯಾಗಿನ ಯಾವ ವೈರಸ್ಸೂ ಇದನ್ನ ಮುಟ್ಟವಲ್ದು, ಫಕೀರವ್ವ,” ಎಂದರು ಡಾಕ್ಟರ್.

“ತಡೀರಿ ಅಕ್ಕಾರ, ನನಗ ಗೊತ್ತಿಲ್ಲದ ಗಟಾರ ಈ ಊರಾಗಿಲ್ಲ.”

ಮೂರು ದಿನಗಳಲ್ಲಿ ಅವಳು ಅರವತ್ತು ಬಾಟಲಿ ತಂದಳು. ಮಕ್ತುಂಸಾಬರ ಕೀವಿನ ರೋಗಾಣುಗಳನ್ನು ಲ್ಯಾಬಿನ ತಟ್ಟೆಗಳಲ್ಲಿ ಬೆಳೆಸಿ ಒಂದೊಂದಕ್ಕೆ ಒಂದೊಂದು ಬಾಟಲಿಯ ನೀರು ಹಾಕಿದರು; ಮೀನು ಮಾರ್ಕೆಟ್ಟಿನ ಹಿಂದಿನ ಗಟಾರದ ನೀರು ಬಿದ್ದ ತಟ್ಟೆಯಲ್ಲಿ ರೋಗಾಣುಗಳು ಸತ್ತವು. ಅದರ ವೈರಸ್ಸನ್ನು ಬೆಳೆಸಿ ಮಕ್ತುಂಸಾಬರಿಗೆ ಕೊಟ್ಟರು. ಎರಡು ವಾರಕ್ಕೆ ಸೋಂಕು ಹೋಗಿ, ಎದೆಯ ಬಲಗಡೆ ಹೊಸ ಪೇಸ್‌ಮೇಕರ್ ಕೂತಿತು.

ಹೊಸ ವೈರಸ್ಸಿಗೆ ಹೆಸರಿಡುವ ಹಕ್ಕು ಹುಡುಕಿದವರದು. “ನಿಮ್ಮ ಹೆಸರ ಬರೀಲೇನ್ರಿ?” ಎಂದು ಡಾಕ್ಟರ್ ಕೇಳಿದರು.

“ಬ್ಯಾಡ್ರಿ. ದುರಗವ್ವ ಅಂತ ಬರೀರಿ. ನಮ್ಮವ್ವ. ಮೂವತ್ತು ವರ್ಷ ಇವೇ ಗಟಾರ ಬಳದಾಳ್ರಿ, ಒಬ್ಬರೂ ಆಕಿ ಹೆಸರ ಕೇಳಿದ್ದಿಲ್ಲ.”

ಡಾಕ್ಟರ್ ದಪ್ಪ ಅಕ್ಷರದಲ್ಲಿ ಬರೆದರು. ಫಕೀರವ್ವ ಎದೆಯುಬ್ಬಿಸಿ ನಿಂತು, ಇಡೀ ವಾರ್ಡಿಗೆ ಕೇಳುವಂತೆ ಅದನ್ನು ಓದಿದಳು.