ಹತ್ತನೆಯ ಮನೆ

ಟಕಟಕಟಕ. ನಿಂತಿತು. ಮತ್ತೆ ಟಕಟಕಟಕ.

ರಾತ್ರಿ ಹನ್ನೊಂದೂವರೆ. ಕವಿತಾ ವರದಿ ಪುಸ್ತಕದಿಂದ ತಲೆ ಎತ್ತಿದಳು. ಸದ್ದು ಬಾಗಿಲ ಬಳಿ ಇಟ್ಟಿದ್ದ ಚೀಲದ ಕಡೆಯಿಂದ ಬಂದಿತ್ತು. ಮನೆಯವರೆಲ್ಲ ಮಲಗಿದ್ದಾರೆಂದೇ ಅವಳು ತಿಳಿದಿದ್ದಳು. ಇಲಿ ಇರಬೇಕು. ಕತ್ತಲಿನತ್ತ ತಿರುಗಿ "ಹುಶ್!" ಎಂದಳು. ಸದ್ದು ಸುಮ್ಮನಾಯಿತು.

ಬೆಳಿಗ್ಗೆ ತಳಕಲ್ ಬಸ್ಸಿನಲ್ಲಿ ಚೀಲ ತೆರೆದರೆ ಕೆಂಪು ಗಿಲಕಿ ಇಲ್ಲ. ಸಣ್ಣ ಡಬ್ಬಿಗೆ ಅಲಸಂದಿ ಕಾಳು ತುಂಬಿ ಅವಳೇ ಮಾಡಿದ್ದು. ಬಳೆಯಾಕಾರದ ಮರದ ಆಟಿಕೆಗಳಿದ್ದವು, ಚಿತ್ರದ ಕಾರ್ಡುಗಳಿದ್ದವು, ಸಹಿ ಬಾರದ ತಾಯಂದಿರಿಗಾಗಿ ಇಟ್ಟುಕೊಂಡ ಶಾಯಿ ಪ್ಯಾಡೂ ಇತ್ತು. ಗಿಲಕಿ ಮಾತ್ರ ಇಲ್ಲ. ಇಂಥ ಸಣ್ಣ ವಿಷಯಕ್ಕೇ ಈಚೆಗೆ ಅವಳಿಗೆ ಅಳು ಬರುವಷ್ಟು ಸಿಟ್ಟು ಬರುತ್ತಿತ್ತು.

ಕೆಲಸ ಸರಳ. ಯಲಬುರ್ಗಾ ಸುತ್ತಿನ ಹತ್ತು ಮನೆ, ಮಾತು ತಡವಾದ ಹತ್ತು ಪುಟ್ಟ ಮಕ್ಕಳು, ವಾರಕ್ಕೊಂದು ಭೇಟಿ. ಆಟ ಹೇಳಿಕೊಡಬೇಕಾದದ್ದು ಮಗುವಿಗಲ್ಲ, ತಾಯಿಗೆ. ತಾಯಿ ಮಗುವಿನ ಎದುರು ಅರ್ಧ ಗಂಟೆ ಕೂರಬೇಕು. ಗಿಲಕಿ ಮೂರು ಸಲ ಅಲ್ಲಾಡಿಸಬೇಕು, ನಿಲ್ಲಿಸಬೇಕು, ಮಗು ತಾನೂ ಮೂರು ಸಲ ಅಲ್ಲಾಡಿಸುವವರೆಗೆ ಕಾಯಬೇಕು. ಕೊನೆಗೆ ತಾಯಿಯ ಸಹಿ, ಇಲ್ಲವೇ ಹೆಬ್ಬೆಟ್ಟು.

ತಳಕಲ್‌ನಲ್ಲಿ ಯೂಸುಫನ ತಾಯಿ ಜೋಹರಾಬಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

"ಗಿಲಕಿ ಕಳದೈತ್ರಿ," ಎಂದಳು ಕವಿತಾ.

"ಕಳೀಲಿ ಬಿಡ್ರಿ. ನನ್ನ ಬಳಿ ಅದಾವಲ್ಲ!" ಜೋಹರಾಬಿ ಮಗನ ಮುಂದೆ ಕೂತು ಗಾಜಿನ ಬಳೆಗಳನ್ನು ಮೂರು ಸಲ ಕುಣಿಸಿದಳು. ಕಾದಳು. ಹಿಟ್ಟು ಕೈಯಲ್ಲೇ ಒಣಗಿತು. ಯೂಸುಫ ನೆಲವನ್ನು ಮೂರು ಸಲ ಬಡಿದ. ಆಮೇಲೆ ತಂಬಿಗೆ ತೋರಿಸಿ, "ಪಾನಿ" ಎಂದ.

ಜೋಹರಾಬಿ ನಕ್ಕಳು, ಕಣ್ಣೊರೆಸಿಕೊಂಡಳು, ಮುಖಕ್ಕೆಲ್ಲ ಹಿಟ್ಟಾಯಿತು. ಕವಿತಾ ಎದ್ದಾಗ ಯೂಸುಫ ಅವಳ ಸೆರಗು ಬಿಡಲೇ ಇಲ್ಲ.

ಮರಳುವ ಬಸ್ಸಿನಲ್ಲಿ ಮೇಲ್ವಿಚಾರಕಿ ಜರೀನಾ ಮೇಡಂ ಫೋನು.

"ಹತ್ತನೇ ಮನಿದು ಏನಾತ್ರಿ? ನಾಕು ಭೇಟಿ ಆದ್ವು, ಒಂದಕ್ಕೂ ತಾಯಿ ಸಹಿ ಇಲ್ಲ. ಇವತ್ತೂ ಆಕಿ ಕೂಡ್ಲಿಲ್ಲಂದ್ರ ಹುಡುಗನ ಹೆಸರು ತಗದು ಬಿಡ್ತೀನಿ. ಬೇವೂರಾಗ ಮೂರು ಮಕ್ಕಳು ಕಾಯಾಕತ್ತಾವ."

"ಇವತ್ತೊಂದು ದಿನ ನೋಡ್ರಿ ಮೇಡಂ."

"ಎಂಥಾ ಹೆಣ್ಮಗಳ್ರಿ ಆಕಿ? ಮಗನಕಿಂತ ಹೆಚ್ಚಿಂದು ಏನೈತಿ ಆಕಿಗೆ?"

"ಕೆಲಸಕ್ಕ ಹೋಗ್ತಾಳ್ರಿ," ಎಂದು ಕವಿತಾ ಫೋನಿಟ್ಟಳು.

ಆ ತಾಯಿಯ ನೆನಪಾದರೆ ಅವಳಿಗೆ ಮೈ ಉರಿಯುತ್ತಿತ್ತು. ಹುಡುಗ ಮೂರು ದಾಟಿದ್ದಾನೆ. ಬಾಯಲ್ಲಿ ಒಂದು ಮಾತಿಲ್ಲ. ತಾಯಿ ಓದಿದವಳು ಬೇರೆ. ಜೋಹರಾಬಿಗೆ ಸಿಗುವ ಅರ್ಧ ಗಂಟೆ ಅವಳಿಗೇಕೆ ಸಿಗುವುದಿಲ್ಲ?

ಹತ್ತನೆಯ ಮನೆ ಯಲಬುರ್ಗಾ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿತ್ತು. ದಿನದ ಕೊನೆಯ ಭೇಟಿ, ಕವಿತಾಳ ದನಿ ಸೋತಿರುವ ಹೊತ್ತು. ಬೇಸಿಗೆಯಲ್ಲಿ ಜರೀನಾ ಮೇಡಂ ಓಣಿ ಓಣಿ ತಿರುಗಿ, ಮನೆಯಲ್ಲಿದ್ದವರನ್ನು ಕೇಳಿ ಪಟ್ಟಿ ಮಾಡಿದ್ದರು. ಇಲ್ಲಿ ಸಿಕ್ಕಿದ್ದು ಅಜ್ಜಿ. ಹಾಗಾಗಿ ಪಟ್ಟಿಯಲ್ಲಿ ಇದು ಶಂಕ್ರಮ್ಮನ ಮನೆ.

ಶಂಕ್ರಮ್ಮ ಹೊಸ್ತಿಲಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದಳು. "ಬರ್ರಿ ಟೀಚರ್ರ. ಇವತ್ತರ ಹೊತ್ತಿದ್ದಂಗ ಬಂದ್ರಿ. ನಮ್ಮ ಪುಣ್ಯಾ."

ಕವಿತಾ ಚಪ್ಪಲಿ ಬಿಟ್ಟಳು. "ಗಾಳೇಶಗ ಮತ್ತ ಮೊಬೈಲ್ ಕೊಟ್ಟೀರಿ? ಎಷ್ಟು ಸಲ ಹೇಳೀನ್ರಿ, ಕೊಡಬ್ಯಾಡ್ರಿ ಅಂತ?"

"ನಾ ರೊಟ್ಟಿ ಬಡೀಲೋ, ಇವನ ಜೋಡಿ ಕೂಡ್ಲೋ? ಹೇಳೂದೇನೈತಿ, ಹೆತ್ತಾಕಿಗೆ ಹೇಳ್ರಿ. ನನಗ್ಯಾಕ ಹೇಳ್ತೀರಿ?"

ಕವಿತಾ ಚೀಲ ಹಿಡಿದು ಒಳಗೆ ಬಂದಳು.

ಗೋಡೆಗೊರಗಿ ಕೂತಿದ್ದ ಗಾಳೇಶ ತಲೆ ಎತ್ತಿದ. ಅವನು ನೋಡಿದ್ದು ಅವಳ ಮುಖವನ್ನಲ್ಲ, ಚೀಲವನ್ನು. ಮೊಬೈಲು ಕೆಳಗಿಟ್ಟ. ತೊಡೆಯಡಿ ಬಚ್ಚಿಟ್ಟಿದ್ದ ಏನನ್ನೋ ಹೊರತೆಗೆದ.

ಕೆಂಪು ಗಿಲಕಿ.

ಮೂರು ಸಲ ಅಲ್ಲಾಡಿಸಿದ. ನಿಲ್ಲಿಸಿದ. ಅವಳತ್ತ ನೋಡಿದ. ಕಾದ.

ಕವಿತಾಳ ಕೈಯಿಂದ ಚೀಲ ಜಾರಿತು. "ಇದು ಇವನ ಕೈಗೆ ಹೆಂಗ ಬಂತು?"

"ಕದ್ದಾನ," ಎಂದಳು ಶಂಕ್ರಮ್ಮ, ಕಾಳಿನಿಂದ ಕಣ್ಣು ಕೀಳದೆ. "ಕೇಳಾಕ ಬಾಯಿಲ್ಲ. ಇನ್ನೇನು ಮಾಡ್ತಾನ?"

ಕವಿತಾ ನೆಲಕ್ಕೆ ಕೂತಳು. ಗಿಲಕಿ ತೆಗೆದುಕೊಂಡು ಮೂರು ಸಲ ಅಲ್ಲಾಡಿಸಿ ಅವನ ಕೈಗಿತ್ತಳು. ಅವನು ಮೂರು ಸಲ ಅಲ್ಲಾಡಿಸಿ ಹಿಂತಿರುಗಿಸಿದ. ಹೊರಗೆ ದೀಪ ಹತ್ತಿದವು. ಅರ್ಧ ಗಂಟೆ ಮುಗಿದದ್ದು ಇಬ್ಬರಿಗೂ ತಿಳಿಯಲಿಲ್ಲ. ಫೋನು ಬಂತು.

"ಏನ್ರಿ, ತಾಯಿ ಕೂತಳೇನು?"

"ಕೂತಾಳ್ರಿ ಮೇಡಂ."

"ಅಬ್ಬಾ! ಸಹಿ ಮಾಡಿದಳೇನು?"

ಕವಿತಾ ಚೀಲದಿಂದ ಶಾಯಿ ಪ್ಯಾಡು ತೆಗೆದಳು. "ಸಹಿ ಬರಂಗಿಲ್ಲಂತ್ರಿ. ಹೆಬ್ಬೆಟ್ಟು."

"ನಡೀತೈತಿ. ಹೆಸರು ಇರ್ಲಿ ಹಂಗಾರ."

ಶಂಕ್ರಮ್ಮ ಮೊರ ಬದಿಗಿಟ್ಟಳು. ಅವಳ ದನಿಯಲ್ಲಿ ಈಗ ಟೀಚರ್ರೂ ಇರಲಿಲ್ಲ, ಅಣಕವೂ ಇರಲಿಲ್ಲ. "ರಾತ್ರಿ 'ಹುಶ್' ಅಂದಿ ನೋಡು, ಹೆದರಿ ಓಡಿ ಬಂದು ನನ್ನ ಮಗ್ಗಲಾಗ ಬಿದ್ದ. ಡಬ್ಬಿ ಮಾತ್ರ ಬಿಡಲಿಲ್ಲ."

ಪಟ್ಟಿ ಕೈಗೆ ಬಂದ ದಿನ ಹತ್ತನೆಯ ಹೆಸರು ನೋಡಿಯೂ ಸುಮ್ಮನಿದ್ದ ಶಂಕ್ರಮ್ಮನ ಸೊಸೆ ಕವಿತಾ, ಇದನ್ನೂ ಯಾರಿಗೂ ಹೇಳುವುದಿಲ್ಲವೆಂದು ನಿರ್ಧರಿಸಿ, ಬಿ.ಎ. ಓದಿದ ತನ್ನ ಎಡಗೈ ಹೆಬ್ಬೆರಳನ್ನು ಶಾಯಿಗೆ ಅದ್ದಿ ತಾಯಿಯ ಖಾನೆಯಲ್ಲಿ ಒತ್ತಿದಳು.