ಅಪ್ಪನ ಕೊಂಬೆ

ಡಾಕ್ಟರು ಹಾಳೆಯ ಮೇಲೆ ಮೊದಲ ಗೆರೆ ಎಳೆದಾಗಲೇ ಗಣಿತದ ಮೇಷ್ಟ್ರಿಗೆ ಕೊನೆಯ ಉತ್ತರ ಕಂಡುಹೋಯಿತು. ಅಪ್ಪನಿಂದ ಎರಡು ಕೊಂಬೆ: ಒಂದು ದೋಷವಿರುವ ಜೀನಿನದು, ಒಂದು ದೋಷವಿಲ್ಲದ್ದರದು. ಅವೆರಡರ ತುದಿಯಿಂದಲೂ ಅಮ್ಮನ ಕಡೆಯ ಎರಡೆರಡು. ಹಾಗೆ ಮೂಡಿದ ನಾಲ್ಕು ತುದಿಗಳಲ್ಲಿ ಒಂದಕ್ಕೆ ಮಾತ್ರ ಡಾಕ್ಟರು ಸುತ್ತು ಹಾಕಿದರು. "ಅರ್ಧದಲ್ಲಿ ಅರ್ಧ, ಅಂದ್ರೆ ಕಾಲು. ನಿಮ್ಮ ಮಗೂಗೆ ಬಂದಿರೋದು ಇದು."

"ನಮ್ಮ ವಂಶದಲ್ಲಿ ಯಾರಿಗೂ ಈ ಕಾಯಿಲೆ ಇಲ್ಲ ಡಾಕ್ಟ್ರೇ," ಎಂದರು ಮೇಷ್ಟ್ರ ತಾಯಿ. "ಇದು ಇವಳ ತವರಿಂದ ಬಂದದ್ದು. ಇವಳನ್ನ ತಂದುಕೊಂಡದ್ದೇ ತಪ್ಪಾಯ್ತು ಅಂತ ವರ್ಷದಿಂದ ಬಡಕೊಳ್ತಿದೀನಿ." ಸೊಸೆ ಮಡಿಲಲ್ಲಿ ಮಲಗಿದ್ದ ಮಗುವಿನ ಕಾಲುಚೀಲ ಮೇಲಕ್ಕೆಳೆದಳು.

"ಇಬ್ಬರಿಂದಲೂ ಬರದೆ ಈ ತುದಿ ಮುಟ್ಟೋಕೇ ಆಗಲ್ಲ ಅಮ್ಮಾ. ಕಾಯಿಲೆ ಇಲ್ಲದೋರೂ ದೋಷ ಹೊತ್ತಿರ್ತಾರೆ." ಡಾಕ್ಟರು ಮೇಷ್ಟ್ರ ಕಡೆ ತಿರುಗಿದರು. "ದಿನಾ ಮಕ್ಕಳಿಗೆ ಕಲಿಸೋರು ನೀವು. ತಾಯಿಗೆ ನೀವೇ ಬಿಡಿಸಿ ಹೇಳಿ." ಸಂಭವನೀಯತೆಯ ಪಾಠವನ್ನು ನಿದ್ದೆಗಣ್ಣಲ್ಲೂ ಒಪ್ಪಿಸಬಲ್ಲ ಮೇಷ್ಟ್ರು ಮಗುವಿನ ಇನ್ನೊಂದು ಕಾಲುಚೀಲ ಎಳೆದು ಸರಿಮಾಡಿದರು.

"ಇವರಿಗೆ ಇದು ಹೊಸದೇನಲ್ಲ ಡಾಕ್ಟ್ರೇ," ಹೆಂಡತಿ ಮೆಲ್ಲಗೆ ಹೇಳಿದಳು. "ಕಾಯಿಲೆ ಹೆಸರು ತಿಳಿದ ದಿನವೇ ಮಗೂನ ಸ್ಲೇಟಿನ ಮೇಲೆ ಇದೇ ಚಿತ್ರ ಬರೆದಿದ್ರು. ಅತ್ತೆ ಒಳಗೆ ಬರ್ತಿದ್ದ ಹಾಗೇ ಇವರೇ ಅಂಗೈಲಿ ಒರೆಸಿಬಿಟ್ರು."

ಮೇಷ್ಟ್ರು ತಲೆ ತಗ್ಗಿಸಿದರು. ಯಾವಾಗ ಚಾಚಿದ್ದರೋ, ಅವರ ಅಂಗೈ ಹಾಳೆಯ ಮೇಲಿತ್ತು, ಅಪ್ಪನ ಕೊಂಬೆಯನ್ನು ಮುಚ್ಚಿಕೊಂಡು.